ಕಂಪನಿ ಹೆಸರು ಸೇರಿಸಿ ಡೊಮೇನ್ ತಗೊಂಡಿದ್ದೆ, ಈಗ ಲೀಗಲ್ ನೋಟಿಸ್ ಬಂದಿದೆ

ಫಿಲ್ಟರ್ ರಿಪೇರಿ, ದಾವಣಗೆರೆ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನನ್ನದು ಸಣ್ಣ ಅಂಗಡಿ, ಕುಡಿಯುವ ನೀರಿನ ಫಿಲ್ಟರ್ ರಿಪೇರಿ ಮಾಡುತ್ತೇನೆ. ಮೊದಲು ಒಂದು ದೊಡ್ಡ ಕಂಪನಿಯ ಫ್ರಾಂಚೈಸಿಯಲ್ಲಿ ಆರು ವರ್ಷ ಟೆಕ್ನಿಷಿಯನ್ ಆಗಿದ್ದೆ. ಬಿಟ್ಟು ಸ್ವಂತ ಶುರು ಮಾಡಿ ನಾಲ್ಕು ವರ್ಷ ಆಯ್ತು. ಅಂಗಡಿ ಹೆಸರು ಶ್ರೀ ಗುರು ಕೊಟ್ಟೂರೇಶ್ವರ ಎಲೆಕ್ಟ್ರಿಕಲ್ಸ್.

ಎರಡು ವರ್ಷದ ಹಿಂದೆ ವೆಬ್‌ಸೈಟ್ ಮಾಡಿಸಿದೆ. ಡೊಮೇನಿನಲ್ಲಿ, ಅಂದರೆ ಸೈಟಿನ ವಿಳಾಸದಲ್ಲಿ, ಮೊದಲು ಆ ಕಂಪನಿಯ ಹೆಸರು, ಪಕ್ಕದಲ್ಲಿ ದಾವಣಗೆರೆ, ಆಮೇಲೆ ಸರ್ವಿಸ್, ಡಾಟ್ ಕಾಮ್. 899 ರೂಪಾಯಿ. ನಮ್ಮೂರಲ್ಲಿ ಯಾರು ಗೂಗಲ್ ಮಾಡಿದರೂ ನನ್ನದೇ ಮೇಲೆ ಬರುತ್ತದೆ. ದಿನಕ್ಕೆ ಆರೇಳು ಫೋನು ಅದರಿಂದಲೇ.

ಮೊನ್ನೆ ಶನಿವಾರ ಸ್ಪೀಡ್ ಪೋಸ್ಟ್ ಬಂತು. ಡೆಲ್ಲಿಯ ವಕೀಲರದ್ದು, ಹನ್ನೊಂದು ಪುಟ. ಏಳು ದಿನದಲ್ಲಿ ಡೊಮೇನ್ ಬಿಟ್ಟುಕೊಡಬೇಕಂತೆ. ಸ್ಟ್ಯಾಂಪ್ ಪೇಪರ್ ಮೇಲೆ ಮುಚ್ಚಳಿಕೆ ಬರೆದುಕೊಡಬೇಕಂತೆ. 5 ಲಕ್ಷ ಪರಿಹಾರ ಬೇರೆ. ಓದಿದ ಮೇಲೆ ಊಟ ಸೇರಿಲ್ಲ.

ನಾನು ರಿಪೇರಿ ಮಾಡೋದು ಅದೇ ಕಂಪನಿಯ ಫಿಲ್ಟರ್ ತಾನೆ? ಅದರಲ್ಲಿ ಸುಳ್ಳೇನಿದೆ? ದುಡ್ಡು ಕೊಟ್ಟು ತಗೊಂಡ ಹೆಸರು. ಪೇಜಿನ ಕೆಳಗೆ ‘ನಾವು ಕಂಪನಿಯ ಶಾಖೆ ಅಲ್ಲ’ ಅಂತ ಹಾಕಿಯೂ ಇದ್ದೇನೆ. ‘2 ಲಕ್ಷ ಕೊಟ್ಟರೆ ಬಿಟ್ಟುಕೊಡುತ್ತೇನೆ’ ಅಂತ ಮೇಲ್ ಬರೆದಿಟ್ಟಿದ್ದೇನೆ. ಕಳಿಸಲಾ?

ಕೋಟೆ ಹುಡುಗ, ಚಿತ್ರದುರ್ಗ · ರಾತ್ರಿ 9:52

ಕಳಿಸಿ ಅಣ್ಣ, ಹೆದರಬೇಡಿ. ಡೊಮೇನ್ ಅಂದ್ರೆ ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಮೊದಲು ಹಾಕಿದವನದ್ದು. 2024ರಲ್ಲಿ ಡೆಲ್ಲಿ ಕಡೆಯ ಹುಡುಗನೊಬ್ಬ ಜಿಯೋಹಾಟ್‌ಸ್ಟಾರ್ ಡಾಟ್ ಕಾಮ್ ಮೊದಲೇ ತಗೊಂಡು, ಕೇಂಬ್ರಿಡ್ಜಲ್ಲಿ ಓದೋ ಫೀಸ್ ಕೊಡಿ ಅಂತ ಕೇಳಿರಲಿಲ್ವಾ? ನೀವು ಕೇಳ್ತಿರೋದು ಬರೀ ಎರಡು ಲಕ್ಷ.

ಸರ್ವರ್ ಸಿದ್ದ · ರಾತ್ರಿ 10:05

ಕಳಿಸಬೇಡಿ. ಮಿಕ್ಕಿದ್ದನ್ನೆಲ್ಲ ಆಮೇಲೆ ಮಾತಾಡೋಣ, ಮೊದಲು ಆ ಮೇಲ್ ಅಳಿಸಿ.

ಡೊಮೇನ್, ಹೋಸ್ಟಿಂಗ್ ಮಾರೋದೇ ನನ್ನ ಕೆಲಸ. ಡಾಟ್ ಕಾಮ್ ಕೊಳ್ಳುವಾಗ ನಾವೆಲ್ಲ ಓದದೇ ‘ಒಪ್ಪಿದ್ದೇನೆ’ ಅಂತ ಒತ್ತುತ್ತೇವಲ್ಲ, ಅದರೊಳಗೇ ಯುಡಿಆರ್‌ಪಿ ಅನ್ನೋ, ಡೊಮೇನ್ ಜಗಳ ಬಗೆಹರಿಸೋ ನಿಯಮ ಇದೆ. 1999ರಿಂದ ಇದೆ. ಕಂಪನಿ ಕೋರ್ಟಿಗೇ ಹೋಗಬೇಕಾಗಿಲ್ಲ. ವಿಶ್ವಸಂಸ್ಥೆಯ ಅಂಗವಾದ ವೈಪೋದಂಥ ಸಂಸ್ಥೆಗೆ 1,500 ಡಾಲರ್ ಕಟ್ಟಿ ದೂರು ಕೊಟ್ಟರೆ ಸಾಕು. ದೂರು ಬಿದ್ದ ಕೂಡಲೇ ಡೊಮೇನಿಗೆ ಬೀಗ ಬೀಳುತ್ತದೆ. ಮಾರೋಕೂ ಆಗಲ್ಲ, ಬೇರೆ ಕಡೆ ಸಾಗಿಸೋಕೂ ಆಗಲ್ಲ. ಉತ್ತರ ಕೊಡೋಕೆ 20 ದಿನ.

ಅಲ್ಲಿ ಕಂಪನಿ ಮೂರು ವಿಷಯ ತೋರಿಸಬೇಕು. ಡೊಮೇನ್ ತನ್ನ ಟ್ರೇಡ್‌ಮಾರ್ಕಿನ ಹಾಗೇ ಇದೆ. ಆ ಹೆಸರಿನ ಮೇಲೆ ನಿಮಗೆ ನ್ಯಾಯವಾದ ಹಕ್ಕಿಲ್ಲ. ನೀವು ಕೆಟ್ಟ ಉದ್ದೇಶದಿಂದ ತಗೊಂಡು ಬಳಸುತ್ತಿದ್ದೀರಿ. ಕೆಟ್ಟ ಉದ್ದೇಶಕ್ಕೆ ಆ ನಿಯಮವೇ ಕೊಡುವ ಮೊದಲ ಉದಾಹರಣೆ ಏನು ಗೊತ್ತಾ? ಖರ್ಚಿಗಿಂತ ಜಾಸ್ತಿ ದುಡ್ಡಿಗೆ ಮಾಲೀಕನಿಗೇ ಮಾರೋಕೆ ಅಂತ ಡೊಮೇನ್ ತಗೊಳ್ಳೋದು. 899ಕ್ಕೆ ತಗೊಂಡು 2 ಲಕ್ಷ ಕೇಳಿದ್ರೆ ಆ ಸಾಕ್ಷಿಯನ್ನು ನೀವೇ ಕೈಯಾರೆ ಬರೆದುಕೊಟ್ಟ ಹಾಗೆ.

ಡಾಟ್ ಇನ್ ತಗೊಂಡಿದ್ರೆ ಇನ್ನೂ ಬಿಗಿ. ಡಾಟ್ ಇನ್ ನೋಡಿಕೊಳ್ಳೋ ನಿಕ್ಸಿಯವರ ನಿಯಮ ಐಎನ್‌ಡಿಆರ್‌ಪಿಯಲ್ಲಿ ‘ತಗೊಂಡಿದ್ದು ಅಥವಾ ಬಳಸಿದ್ದು’ ಎರಡರಲ್ಲಿ ಒಂದು ಕೆಟ್ಟ ಉದ್ದೇಶ ಆದರೂ ಸಾಕು. ಡಾಟ್ ಕಾಮ್‌ಗೆ ಎರಡೂ ಬೇಕು.

ಕೋಟೆ ಹುಡುಗರೇ, ಜಿಯೋ ಕಥೆ ಅರ್ಧಕ್ಕೇ ನಿಲ್ಲಿಸಿದ್ರಿ. ಕಂಪನಿ ಫೀಸ್ ಕೊಡಲಿಲ್ಲ. ಕೋರ್ಟಿನ ಮಾತು ಬಂದ ಮೇಲೆ ಆ ಡೊಮೇನ್ ದುಬೈಯ ಅಣ್ಣ-ತಂಗಿ ಕೈಗೆ ಹೋಯ್ತು.

ಫಿಲ್ಟರ್ ರಿಪೇರಿ, ದಾವಣಗೆರೆ · ರಾತ್ರಿ 10:11

ಮೇಲ್ ಅಳಿಸಿದೆ. ಆದರೆ ಒಂದು ವಿಷಯ ಹೇಳಬೇಕು. ಇವತ್ತು ಮಧ್ಯಾಹ್ನ ಆ ವಕೀಲರ ಆಫೀಸಿನಿಂದ ಫೋನ್ ಬಂದಿತ್ತು. ಸಿಟ್ಟಲ್ಲಿ ಬಾಯಲ್ಲೇ ಹೇಳಿಬಿಟ್ಟೆ.

ಸರ್ವರ್ ಸಿದ್ದ · ರಾತ್ರಿ 10:13

ಅಯ್ಯೋ.

ಕರಿಕೋಟು · ರಾತ್ರಿ 11:20

ಆಗಿದ್ದು ಆಯ್ತು. ಇನ್ನು ಅವರ ಫೋನಿಗೆ ‘ನಮ್ಮ ವಕೀಲರು ಬರೆದು ಉತ್ತರ ಕೊಡುತ್ತಾರೆ’ ಅಂತ ಬಿಟ್ಟು ಬೇರೇನೂ ಹೇಳಬೇಡಿ.

ನಾನು ಬೆಂಗಳೂರಿನಲ್ಲಿ ಸಿವಿಲ್ ಪ್ರಾಕ್ಟೀಸ್ ಮಾಡುತ್ತೇನೆ. ಇಲ್ಲಿ ಬರೆಯೋದು ಸಾಮಾನ್ಯ ತಿಳಿವಳಿಕೆ ಅಷ್ಟೇ. ನಿಮ್ಮ ನೋಟಿಸನ್ನು ನಾನು ನೋಡಿಲ್ಲ, ಊರಿನ ವಕೀಲರೊಬ್ಬರಿಗೆ ತೋರಿಸಲೇಬೇಕು.

ಟವೆಲ್ ಮಾತು ಚೆನ್ನಾಗಿದೆ. ಆದರೆ ಅದು ರಿಸರ್ವೇಷನ್ ಆದ ಸೀಟಾದರೆ? ಟವೆಲ್ ಎತ್ತಿಕೊಂಡು ಏಳಬೇಕು. ಡೊಮೇನ್ ಮಾರುವವನು ಹೆಸರು ಖಾಲಿ ಇದೆಯಾ ಅಂತ ಮಾತ್ರ ನೋಡುತ್ತಾನೆ. ಯಾರ ಹಕ್ಕು ಅಂತ ನೋಡಲ್ಲ.

ಇದನ್ನು ತೀರ್ಮಾನಿಸಿದ ದೊಡ್ಡ ಕೇಸು ನಮ್ಮ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಿಂದಲೇ ಹೋಗಿದ್ದು. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನ ತುಣುಕು ಜೋಡಿಸಿ ‘ಸಿಫಿ’ ಅಂತ ಪದ ಮಾಡಿಕೊಂಡು, 1999ರಲ್ಲಿ ಸಿಫಿನೆಟ್ ಡಾಟ್ ಕಾಮ್ ತಗೊಂಡಿತ್ತು. 2001ರಲ್ಲಿ ಇನ್ನೊಂದು ಸಂಸ್ಥೆ ಬಂತು. ಅವರದ್ದೂ ಸಿಫಿನೆಟ್ಟೇ, ಇಂಗ್ಲಿಷಿನಲ್ಲಿ ಒಂದು ‘ಎಫ್’ ಜಾಸ್ತಿ. ಕೇಳಿದರೆ, ‘ನಮ್ಮ ಐದು ಜನ ಪ್ರವರ್ತಕರ ಹೆಸರಿನ ಮೊದಲ ಅಕ್ಷರ ಸೇರಿಸಿದ್ದೇವೆ, ನಮ್ಮ ವ್ಯಾಪಾರವೇ ಬೇರೆ’ ಅಂದರು. ಸಿಟಿ ಸಿವಿಲ್ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಹೈಕೋರ್ಟ್ ಅದನ್ನು ತೆಗೆದುಹಾಕಿತು. ಸುಪ್ರೀಂ ಕೋರ್ಟ್ 2004ರ ಮೇ ತಿಂಗಳಲ್ಲಿ ಹೈಕೋರ್ಟ್ ಆದೇಶ ರದ್ದು ಮಾಡಿತು. ಡೊಮೇನ್ ಅನ್ನೋದು ಬರೀ ವಿಳಾಸ ಅಲ್ಲ, ವ್ಯಾಪಾರದ ಗುರುತು, ಟ್ರೇಡ್‌ಮಾರ್ಕಿಗೆ ಇರೋ ರಕ್ಷಣೆ ಅದಕ್ಕೂ ಇದೆ ಎಂದಿತು. ನೆಟ್‌ನಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿ ಆದರೆ ಜನ ಬೇರೆ ಅಂಗಡಿಗೆ ಹೋಗಿ ಇಳಿಯುತ್ತಾರೆ, ಅದೇ ಕೋರ್ಟಿನ ಚಿಂತೆ.

ಇನ್ನು ನಿಮ್ಮ ‘ಶಾಖೆ ಅಲ್ಲ’ ಸಾಲು. 1999ರಲ್ಲಿ ಯಾಹೂಇಂಡಿಯಾ ಡಾಟ್ ಕಾಮ್ ಮಾಡಿದವರೂ ಅಂಥದ್ದೇ ಸಾಲು ಇಟ್ಟುಕೊಂಡು ಡೆಲ್ಲಿ ಹೈಕೋರ್ಟಿಗೆ ಬಂದಿದ್ದರು. ಯಾಹೂ ಅನ್ನೋದು ನಿಘಂಟಿನಲ್ಲಿರೋ ಪದ ಅಂತಲೂ ವಾದಿಸಿದರು. ಎರಡೂ ನಡೆಯಲಿಲ್ಲ.

ಹಾಗಂತ ನಿಮ್ಮ ಕಥೆ ಮುಗಿದಿಲ್ಲ. ಮೂರು ಪ್ರಶ್ನೆ ಕೇಳುತ್ತೇನೆ, ಸುಮ್ನೆ ನಿಜ ಹೇಳಿ. ಸೈಟಿನಲ್ಲಿ ಕಂಪನಿಯ ಲೋಗೋ ಇದೆಯಾ? ಬೇರೆ ಕಂಪನಿ ಫಿಲ್ಟರನ್ನೂ ರಿಪೇರಿ ಮಾಡುತ್ತೀರಾ? ಆ ಸೈಟ್ ನೋಡಿ ಯಾರಾದರೂ ಫೋನ್ ಮಾಡಿದರೆ, ಎತ್ತಿ ಮೊದಲು ಏನು ಹೇಳುತ್ತೀರಿ?

ಫಿಲ್ಟರ್ ರಿಪೇರಿ, ದಾವಣಗೆರೆ · ಮಂಗಳವಾರ ಬೆಳಿಗ್ಗೆ 7:15

ಲೋಗೋ ಇದೆ ಸರ್. ಸೈಟ್ ಮಾಡಿದ ಹುಡುಗ ಬಣ್ಣವನ್ನೂ ಅವರದ್ದೇ ಹಾಕಿದ್ದಾನೆ. ಬೇರೆ ಕಂಪನಿದೂ ರಿಪೇರಿ ಮಾಡುತ್ತೇನೆ, ಹೊಸ ಫಿಲ್ಟರ್ ಬೇಕು ಅಂದರೆ ಲೋಕಲ್ ಅಸೆಂಬಲ್ ಪೀಸನ್ನೂ ಕೊಡುತ್ತೇನೆ.

ಫೋನ್ ಎತ್ತಿದರೆ ಕಂಪನಿ ಹೆಸರು ಹೇಳಿ, ‘ಸರ್ವಿಸ್, ಹೇಳಿ ಸರ್’ ಅನ್ನುತ್ತೇನೆ. ಫ್ರಾಂಚೈಸಿಯಲ್ಲಿ ಆರು ವರ್ಷ ಹಾಗೇ ಹೇಳಿ ಅಭ್ಯಾಸ ಆಗಿಬಿಟ್ಟಿದೆ. ಕೆಲವರು ‘ವಾರಂಟಿ ಇದೆಯಲ್ಲ, ದುಡ್ಡು ಯಾಕೆ?’ ಅಂತ ಕೇಳುತ್ತಾರೆ. ಆಗ ಹೇಳುತ್ತೇನೆ, ನಾನು ಪ್ರೈವೇಟ್ ಅಂತ.

ಕರಿಕೋಟು · ಮಂಗಳವಾರ ಬೆಳಿಗ್ಗೆ 8:30

ಆ ವಾರಂಟಿ ಪ್ರಶ್ನೆ ಇದೆಯಲ್ಲ, ಕಂಪನಿ ವಕೀಲರಿಗೆ ಅದೊಂದೇ ಸಾಕು. ಗಿರಾಕಿ ನಿಮ್ಮನ್ನು ಕಂಪನಿಯವರು ಅಂದುಕೊಂಡೇ ಫೋನ್ ಮಾಡಿದ್ದಾನೆ ಅಂತ ನಿಮ್ಮ ಬಾಯಿಂದಲೇ ಬಂತು. ಹೆಸರು ಬಳಸಿದ್ದಕ್ಕಿಂತ ಇದು ಹೆಚ್ಚಿನ ತೊಂದರೆ.

ಸರ್ವರ್ ಸಿದ್ದ · ಮಂಗಳವಾರ ಬೆಳಿಗ್ಗೆ 9:02

ಸರ್ ಆ ಮೂರು ಪ್ರಶ್ನೆ ಯಾಕೆ ಕೇಳಿದರು ಅಂತ ಹೇಳುತ್ತೇನೆ. 2001ರಲ್ಲಿ ಓಕಿ ಡೇಟಾ ಅನ್ನೋ ಪ್ರಿಂಟರ್ ಕಂಪನಿ, ಓಕಿಡೇಟಾಪಾರ್ಟ್ಸ್ ಡಾಟ್ ಕಾಮ್ ಇಟ್ಟುಕೊಂಡ ರಿಪೇರಿಯವರ ಮೇಲೆ ವೈಪೋಗೆ ಹೋಗಿತ್ತು. ಥೇಟ್ ನಿಮ್ಮದೇ ಕಥೆ. ಆದರೆ ಅಲ್ಲಿ ಗೆದ್ದಿದ್ದು ರಿಪೇರಿಯವರು. ಅವರು ನಿಜವಾಗಲೂ ಓಕಿ ಸಾಮಾನು, ಸರ್ವಿಸ್ ಕೊಡುತ್ತಿದ್ದರು. ಆ ಸೈಟಿನಲ್ಲಿ ಬೇರೆ ಬ್ರ್ಯಾಂಡ್ ಇರಲಿಲ್ಲ. ಕಂಪನಿಗೂ ತಮಗೂ ಏನು ಸಂಬಂಧ ಅಂತ ಸರಿಯಾಗಿ ಹೇಳಿದ್ದರು. ಆ ಹೆಸರಿನ ಡೊಮೇನನ್ನೆಲ್ಲ ಬಾಚಿಟ್ಟುಕೊಂಡಿರಲಿಲ್ಲ. ಅವರು ಕಂಪನಿಯಿಂದ ಅಧಿಕೃತ ಒಪ್ಪಂದ ಪಡೆದಿದ್ದವರು ಅನ್ನೋದನ್ನೂ ಮರೆಯಬಾರದು.

ಈಗಲೂ ಇಂಥ ಕೇಸಿಗೆ ಆ ನಾಲ್ಕು ಮಾತನ್ನೇ ಅಳತೆಗೋಲಾಗಿ ಇಡುತ್ತಾರೆ. ದಾವಣಗೆರೆ ಅಣ್ಣನಿಗೆ ಮೊದಲನೆಯದೂ ಕೊನೆಯದೂ ಪಾಸು. ಮಧ್ಯದ ಎರಡರಲ್ಲಿ ಎಡವಿದ್ದಾರೆ. ಅದೇ ಸೈಟಿನಲ್ಲಿ ಲೋಕಲ್ ಪೀಸ್ ಮಾರಿದ್ದೀರಿ, ಸಂಬಂಧ ಇಲ್ಲ ಅನ್ನೋದನ್ನು ಇರುವೆ ಸೈಜಿನಲ್ಲಿ ಕೆಳಗೆ ಬರೆದಿದ್ದೀರಿ.

ಭದ್ರಾ ನೀರು · ಮಂಗಳವಾರ ಬೆಳಿಗ್ಗೆ 10:44

ನಮ್ಮ ಪಕ್ಕದ ಅಂಗಡಿಯವರು ಹೇಳ್ತಿದ್ದರು, ಟ್ರೇಡ್‌ಮಾರ್ಕ್ ಕೇಸಲ್ಲಿ ಜೈಲೂ ಇದೆ ಅಂತ. ಮೂರು ವರ್ಷವಂತೆ. ನಿಜವಾ?

ಕರಿಕೋಟು · ಮಂಗಳವಾರ ಬೆಳಿಗ್ಗೆ 11:10

ಸುಮ್ನೆ ಹೆದರಿಸಬೇಡಿ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 103ನೇ ಸೆಕ್ಷನ್‌ನಲ್ಲಿ ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ದಂಡ ಇರೋದು ನಿಜ. ಅದು ಮುಖ್ಯವಾಗಿ ಡೂಪ್ಲಿಕೇಟ್ ಮಾಲಿನ ಮೇಲೆ ಕಂಪನಿ ಸ್ಟಿಕ್ಕರ್ ಅಂಟಿಸುವವರ ಮೇಲೆ ಬೀಳುತ್ತದೆ. ಡೊಮೇನ್ ಜಗಳ ಸಾಮಾನ್ಯವಾಗಿ ಸಿವಿಲ್ಲೇ. ತಡೆಯಾಜ್ಞೆ, ಪರಿಹಾರ, ಲಾಭದ ಲೆಕ್ಕ. ಆದರೂ ಕೇಳುತ್ತೇನೆ ಅಣ್ಣ, ನೀವು ಫಿಲ್ಟರಿನೊಳಗೆ ಹಾಕೋ ನೀರು ಸೋಸುವ ಮೆಂಬ್ರೇನ್ ಮೇಲೆ ಕಂಪನಿ ಸ್ಟಿಕ್ಕರ್ ಇರುತ್ತಾ?

ಫಿಲ್ಟರ್ ರಿಪೇರಿ, ದಾವಣಗೆರೆ · ಮಂಗಳವಾರ ಬೆಳಿಗ್ಗೆ 11:31

ಇಲ್ಲ ಸರ್, ಕೊಟ್ಟೂರಜ್ಜನ ಆಣೆ. ಲೋಕಲ್ ಮೆಂಬ್ರೇನ್ ಅಂತ ಹೇಳಿಯೇ ಹಾಕುತ್ತೇನೆ, ಬಿಲ್ಲಿನಲ್ಲೂ ಹಾಗೇ ಬರೆಯುತ್ತೇನೆ. ಬಿಲ್ ಪುಸ್ತಕ ಎಲ್ಲ ಇದೆ.

ಕರಿಕೋಟು · ಮಂಗಳವಾರ ಬೆಳಿಗ್ಗೆ 11:40

ಆ ಬಿಲ್ ಪುಸ್ತಕ ಜೋಪಾನ. ನಿಮ್ಮ ಒಳ್ಳೆಯತನಕ್ಕೆ ಅದೇ ಸಾಕ್ಷಿ.

ರೊಟ್ಟಿ ಅಕ್ಕ, ವಿಜಯಪುರ · ಮಂಗಳವಾರ ಮಧ್ಯಾಹ್ನ 2:25

ನನ್ನ ಕಥೆಯನ್ನೂ ಕೇಳಿ. ನಾನು ಬೇರೆಯವರ ಹೆಸರು ಅಂತ ಗೊತ್ತಿದ್ದು ಇಟ್ಟವಳಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೊರಿಯರ್ ಮಾಡುತ್ತೇನೆ. ಮಗಳು ಚಂದದ ಹೆಸರೊಂದು ಹೇಳಿದಳು, ಡೊಮೇನ್ ಸಿಕ್ಕಿತು, ತಗೊಂಡೆವು. ಮೂರು ವರ್ಷ ಆದ ಮೇಲೆ ಬೇರೆ ರಾಜ್ಯದ ತಿಂಡಿ ಕಂಪನಿಯೊಂದು ನೋಟಿಸ್ ಕಳಿಸಿತು. ಸ್ಪೆಲ್ಲಿಂಗ್ ಬೇರೆ, ಕೂಗಿದರೆ ಒಂದೇ. ಅವರದ್ದು ನಮಗಿಂತ ಮೊದಲೇ ರಿಜಿಸ್ಟರ್ ಆಗಿತ್ತು.

ಡೊಮೇನ್ ಹೋಗಿದ್ದಕ್ಕೆ ಅಷ್ಟು ಬೇಜಾರಾಗಲಿಲ್ಲ. 3,000 ಪ್ಯಾಕಿಂಗ್ ಕವರ್ ಪ್ರಿಂಟ್ ಮಾಡಿಸಿಟ್ಟಿದ್ದೆ. ಒಂದೊಂದರ ಮೇಲೂ ದೊಡ್ಡದಾಗಿ ಅದೇ ಹೆಸರು. ನಮ್ಮ ಮನೆಯಲ್ಲಿ ಈಗಲೂ ಜೋಳ, ಬೇಳೆ ಎಲ್ಲ ಆ ಕವರಿನಲ್ಲೇ ಇದೆ.

ಐಪಿ ಇಂಡಿಯಾ ಅನ್ನೋ ಸರ್ಕಾರಿ ಸೈಟಿನಲ್ಲಿ ರಿಜಿಸ್ಟರ್ ಆದ ಟ್ರೇಡ್‌ಮಾರ್ಕುಗಳನ್ನು ಪುಕ್ಕಟೆಯಾಗಿ ಹುಡುಕಬಹುದು ಅಂತ ಆಮೇಲೆ ಗೊತ್ತಾಯಿತು. ಅಕ್ಷರ ಹಾಕಿ ಹುಡುಕಿದರೆ ಸಾಲದು. ಅಲ್ಲೇ ‘ಫೊನೆಟಿಕ್’ ಅಂತ ಇದೆ, ಉಚ್ಚಾರದ ಮೇಲೆ ಹುಡುಕುತ್ತದೆ. ಅದರಲ್ಲಿ ನೋಡಿದ್ದರೆ ಮೊದಲ ಪುಟದಲ್ಲೇ ಸಿಗುತ್ತಿತ್ತು. ಈಗಿನ ಹೆಸರನ್ನು ನಾನೇ ರಿಜಿಸ್ಟರ್ ಮಾಡಿಸಿದ್ದೇನೆ. ಒಬ್ಬರ ಹೆಸರಿನಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ ಒಂದು ಕ್ಲಾಸಿಗೆ, ಅಂದರೆ ಒಂದು ವರ್ಗದ ಮಾಲು ಅಥವಾ ಸೇವೆಗೆ, 4,500 ಸರ್ಕಾರಿ ಫೀಸು. ಹತ್ತು ವರ್ಷಕ್ಕೊಮ್ಮೆ ನವೀಕರಣ.

ಕೋಟೆ ಹುಡುಗ, ಚಿತ್ರದುರ್ಗ · ಮಂಗಳವಾರ ಮಧ್ಯಾಹ್ನ 3:05

ಹಾಗಾದ್ರೆ ನಂದಿನಿ ಕಥೆ ಏನು? ಹಾಲೂ ನಂದಿನಿ, ಬೆಂಗಳೂರಲ್ಲಿ ಬಿರಿಯಾನಿ ಹೋಟೆಲ್ಲೂ ನಂದಿನಿ. ಎರಡೂ ನಡೀತಾನೇ ಇದೆ.

ಕರಿಕೋಟು · ಮಂಗಳವಾರ ಸಂಜೆ 5:50

ಒಳ್ಳೆ ಪ್ರಶ್ನೆ. ಕೆಎಂಎಫ್ 1985ರಿಂದ ನಂದಿನಿ, ಹೋಟೆಲಿನವರು 1989ರಿಂದ ನಂದಿನಿ ಡಿಲಕ್ಸ್. ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2018ರಲ್ಲಿ ಕೋರ್ಟ್ ಹೋಟೆಲಿನವರ ಪರ ನಿಂತಿತು. ಹಾಲೇ ಬೇರೆ, ಹೋಟೆಲ್ ಊಟವೇ ಬೇರೆ. ಲೋಗೋ ಬೇರೆ, ಇಂಗ್ಲಿಷ್ ಸ್ಪೆಲ್ಲಿಂಗೂ ಬೇರೆ. ನಂದಿನಿ ಅನ್ನೋದು ದೇವರ ಹೆಸರು, ಪುರಾಣದ ಹಸುವಿನ ಹೆಸರು, ಒಬ್ಬರೇ ಕಟ್ಟಿಹಾಕಿಕೊಳ್ಳುವಂಥದ್ದಲ್ಲ ಎಂದಿತು. ಆದರೆ ಹೋಟೆಲಿನವರ ನೋಂದಣಿಯಿಂದ ಹಾಲು, ಹಾಲಿನ ಪದಾರ್ಥ ತೆಗೆದುಹಾಕಿಸಿತು.

ಫಿಲ್ಟರ್ ಅಣ್ಣನ ವಿಷಯ ಹಾಗಲ್ಲ. ಅದೇ ಫಿಲ್ಟರ್, ಅದೇ ಸರ್ವಿಸ್, ಅದೇ ಗಿರಾಕಿ. ಹೆಸರೂ ದೇವರದ್ದಲ್ಲ, ಕಂಪನಿಯವರೇ ಕಟ್ಟಿದ ಪದ.

ಸಾರಿಗೆ ಸಂಸ್ಥೆ ಅಭಿಮಾನಿ · ಮಂಗಳವಾರ ಸಂಜೆ 6:15

ಮಧ್ಯೆ ಬಾಯಿ ಹಾಕ್ತೀನಿ, ಕೆಎಸ್‌ಆರ್‌ಟಿಸಿ ಹೆಸರು ಬರಲೇ ಇಲ್ಲವಲ್ಲ! 2021ರಲ್ಲಿ ಕೇರಳದವರು ಆ ಹೆಸರು ನಮ್ಮದು ಅಂದಾಗ ನಮ್ಮ ಡಿಪೋದಲ್ಲಿ ಅದೇ ಮಾತು. 2023ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿ ವಜಾ ಮಾಡಿತು. ನಮ್ಮ ಕೆಎಸ್‌ಆರ್‌ಟಿಸಿ ಡಾಟ್ ಇನ್‌ನಲ್ಲೇ ಈಗಲೂ ಟಿಕೆಟ್ ಬುಕ್ ಆಗ್ತಿದೆ.

ನ್ಯೂಜೆರ್ಸಿ ಕನ್ನಡಿಗ · ಬುಧವಾರ ಬೆಳಿಗ್ಗೆ 6:40

ಇಲ್ಲಿ ಅಮೆರಿಕದಲ್ಲಿ ಇದಕ್ಕೇ ಅಂತ 1999ರ ಕಾಯ್ದೆ ಇದೆ. ಕೆಟ್ಟ ಉದ್ದೇಶ ಸಾಬೀತಾದರೆ ನಷ್ಟದ ಲೆಕ್ಕ ತೋರಿಸದೆಯೂ ಒಂದು ಡೊಮೇನಿಗೆ 1,000ದಿಂದ 1,00,000 ಡಾಲರ್‌ವರೆಗೆ ಕೋರ್ಟ್ ಹಾಕಬಹುದು.

ಆದರೆ ಸ್ವಂತ ಹೆಸರೇ ಬ್ರ್ಯಾಂಡ್ ಆಗಿದ್ದರೆ ಕಥೆ ಬೇರೆ. ನಾರ್ತ್ ಕ್ಯಾರೊಲಿನಾದಲ್ಲಿ ಉಜಿ ನಿಸ್ಸಾನ್ ಅಂತ ಒಬ್ಬರಿದ್ದರು, ನಿಸ್ಸಾನ್ ಅವರ ಮನೆತನದ ಹೆಸರು. ಕಂಪ್ಯೂಟರ್ ಅಂಗಡಿಗೆ ಅಂತ 1994ರಲ್ಲಿ ನಿಸ್ಸಾನ್ ಡಾಟ್ ಕಾಮ್ ತಗೊಂಡರು. 1999ರ ಕೊನೆಗೆ ಕಾರು ಕಂಪನಿ 1 ಕೋಟಿ ಡಾಲರ್ ದಾವೆ ಹೂಡಿತು. ವರ್ಷಗಟ್ಟಲೆ ಕೋರ್ಟು ಅಲೆದರು. 2020ರಲ್ಲಿ ಕೋವಿಡ್‌ನಿಂದ ತೀರಿಕೊಳ್ಳುವವರೆಗೂ ಆ ಡೊಮೇನ್ ಅವರ ಕೈಯಲ್ಲೇ ಇತ್ತು. ಗೆದ್ದರು ಅನ್ನಬಹುದು. ಆದರೆ ವಕೀಲರಿಗೆ ಸುರಿದ ದುಡ್ಡಿನಲ್ಲಿ ಎಷ್ಟು ಕಂಪ್ಯೂಟರ್ ಮಾರಬಹುದಿತ್ತೋ!

ಫಿಲ್ಟರ್ ರಿಪೇರಿ, ದಾವಣಗೆರೆ · ಬುಧವಾರ ಬೆಳಿಗ್ಗೆ 8:00

ನನ್ನ ಹೆಸರು ಆ ಕಂಪನಿ ಹೆಸರಲ್ಲ, ಅದೊಂದು ದಾರಿಯೂ ಇಲ್ಲ 😀 ಸರ್, ಈಗ ಏನು ಮಾಡಲಿ? ಶನಿವಾರಕ್ಕೆ ಏಳು ದಿನ ಮುಗಿಯುತ್ತೆ.

ಕರಿಕೋಟು · ಬುಧವಾರ ಬೆಳಿಗ್ಗೆ 9:15

ಏಳು ದಿನ ಅನ್ನೋದು ಕಾನೂನಿನ ಗಡುವಲ್ಲ, ಅವರೇ ಹಾಕಿಕೊಂಡಿದ್ದು. ಹಾಗಂತ ಸುಮ್ಮನೆ ಕೂರಬೇಡಿ. ಉತ್ತರ ಕೊಡದಿದ್ದರೆ ನೇರವಾಗಿ ತಡೆಯಾಜ್ಞೆಗೆ ಹೋಗುತ್ತಾರೆ. ಅವರ ವ್ಯವಹಾರ ಎಲ್ಲಿದೆಯೋ ಅಲ್ಲೇ ದಾವೆ ಹಾಕಲು ಟ್ರೇಡ್‌ಮಾರ್ಕ್ ಕಾಯ್ದೆಯ 134ನೇ ಸೆಕ್ಷನ್ ಅವಕಾಶ ಕೊಡುತ್ತದೆ. ತಿಂಗಳಿಗೊಂದು ಸಲ ದಾವಣಗೆರೆಯಿಂದ ಡೆಲ್ಲಿಗೆ ಹೋಗಿಬರೋ ಖರ್ಚು ಯೋಚಿಸಿ. ನೀವು ಗೆದ್ದರೂ ಸೋತ ಹಾಗೆಯೇ.

ನನ್ನ ಮಾತು ಕೇಳಿದರೆ ಡೊಮೇನ್ ಬಿಟ್ಟುಬಿಡಿ. ಆದರೆ ಅವರು ಕಳಿಸಿದ ಮುಚ್ಚಳಿಕೆಗೆ ಹಾಗೇ ಸಹಿ ಹಾಕಬೇಡಿ. ಇಂಥ ಕಾಗದಗಳಲ್ಲಿ ಎರಡು ಸಾಲು ಹುಡುಕಿ. ಒಂದು, ‘ಉಲ್ಲಂಘನೆ ಮಾಡಿದ್ದೇನೆಂದು ಒಪ್ಪುತ್ತೇನೆ’ ಅನ್ನೋದು. ಅದನ್ನು ಹೊಡೆದುಹಾಕಿ, ‘ತಪ್ಪೊಪ್ಪಿಗೆ ಇಲ್ಲದೆ, ವ್ಯಾಜ್ಯ ಬೇಡವೆಂದು’ ಅಂತ ಬರೆಸಬೇಕು. ಇನ್ನೊಂದು, ‘ಈ ಹೆಸರನ್ನು ಯಾವ ರೀತಿಯಲ್ಲೂ ಬಳಸುವುದಿಲ್ಲ’ ಅನ್ನೋದು. ಇದು ನಿಮ್ಮ ಹೊಟ್ಟೆಗೇ ಹೊಡೆಯುತ್ತದೆ. ‘ಈ ಕಂಪನಿಯ ಫಿಲ್ಟರನ್ನೂ ರಿಪೇರಿ ಮಾಡುತ್ತೇವೆ’ ಅಂತ ಪ್ರಾಮಾಣಿಕವಾಗಿ ಹೇಳಿಕೊಳ್ಳೋದಕ್ಕೆ 30ನೇ ಸೆಕ್ಷನ್‌ನಲ್ಲಿ ಜಾಗ ಇದೆ. ಹೆಸರನ್ನು ನಿಮ್ಮ ಬೋರ್ಡ್ ಮಾಡಿಕೊಳ್ಳೋದು ಬೇರೆ, ನೀವು ಏನು ರಿಪೇರಿ ಮಾಡುತ್ತೀರಿ ಅಂತ ಹೇಳೋದು ಬೇರೆ. ಎರಡನೆಯದನ್ನು ಬಿಟ್ಟುಕೊಡಬೇಡಿ.

5 ಲಕ್ಷ ಅನ್ನೋದು ಸಂತೆಯಲ್ಲಿ ಹೇಳೋ ಮೊದಲ ರೇಟು. ಡೊಮೇನ್ ಬೇಗ ಸಿಕ್ಕಿದರೆ ಅದರ ಹಿಂದೆ ಬೀಳೋದು ಕಡಿಮೆ. ಇವತ್ತೇ ಸೈಟಿನ ಪ್ರತಿ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಲೋಗೋ ತೆಗೆಸಿ. ಫೋನಿನಲ್ಲಿ ನಿಮ್ಮ ಅಂಗಡಿ ಹೆಸರು ಹೇಳಿ.

ಸರ್ವರ್ ಸಿದ್ದ · ಬುಧವಾರ ಬೆಳಿಗ್ಗೆ 9:48

ಒಂದು ಮಾತು. ಡೊಮೇನ್ ಕೊಡೋ ಮೊದಲು ಅದರಲ್ಲಿರೋ ಇಮೇಲ್ ಐಡಿಗಳನ್ನು ಬೇರೆಡೆಗೆ ಸಾಗಿಸಿ. ಬ್ಯಾಂಕಿಗೆ, ಜಿಎಸ್‌ಟಿಗೆ ಅದೇ ಐಡಿ ಕೊಟ್ಟಿದ್ದರೆ ಓಟಿಪಿ ಕಂಪನಿಯವರ ಕೈಗೆ ಹೋಗುತ್ತೆ! ಎಲ್ಲರೂ ಮರೆಯೋದು ಇದನ್ನೇ.

ಫಿಲ್ಟರ್ ರಿಪೇರಿ, ದಾವಣಗೆರೆ · ಬುಧವಾರ ಬೆಳಿಗ್ಗೆ 9:55

ಜಿಎಸ್‌ಟಿಗೆ ಅದೇ ಕೊಟ್ಟಿದ್ದೆ ಸಿದ್ದಣ್ಣ. ಬದಲಾಯಿಸುತ್ತಿದ್ದೇನೆ.

ಫಿಲ್ಟರ್ ರಿಪೇರಿ, ದಾವಣಗೆರೆ · ಐದು ವಾರದ ನಂತರ, ಭಾನುವಾರ ರಾತ್ರಿ 8:30

ಎಲ್ಲರಿಗೂ ಹೇಳಬೇಕಿತ್ತು, ತಡವಾಯ್ತು. ನಮ್ಮೂರ ವಕೀಲರು ಶುಕ್ರವಾರವೇ ಉತ್ತರ ಕಳಿಸಿದ್ದರು. ಮೂರು ಸಲ ಕಾಗದ ಆ ಕಡೆ ಈ ಕಡೆ ಹೋಯ್ತು. ಡೊಮೇನ್ ಕೊಟ್ಟೆ. ಪರಿಹಾರದ ಮಾತು ಬಿಟ್ಟರು. ನಾನು ಫೋನಲ್ಲಿ ಕೇಳಿದ 2 ಲಕ್ಷವನ್ನು ಅವರ ಎರಡನೇ ಕಾಗದದಲ್ಲಿ ದಿನಾಂಕ, ಗಂಟೆ ಸಮೇತ ಬರೆದಿದ್ದರು, ನೋಡಿ ಬೆವರು ಬಂತು. ‘ಯಾವ ರೀತಿಯಲ್ಲೂ ಬಳಸುವುದಿಲ್ಲ’ ಅನ್ನೋ ಸಾಲಿಗೆ ನಮ್ಮ ವಕೀಲರು ಪಟ್ಟು ಹಿಡಿದರು. ರಿಪೇರಿ ಮಾಡುತ್ತೇವೆ ಅಂತ ಲೋಗೋ ಇಲ್ಲದೆ, ಮಾಮೂಲಿ ಅಕ್ಷರದಲ್ಲಿ ಹೇಳಬಹುದು ಅಂತ ಒಪ್ಪಿದ್ದಾರೆ. ವಕೀಲರ ಫೀಸು 12,000.

ಫೋನು ಕಮ್ಮಿಯಾಗಿದೆ, ಸುಳ್ಳು ಹೇಳಲ್ಲ. ದಿನಕ್ಕೆ ಎರಡು ಬಂದರೆ ಹೆಚ್ಚು. ಹಳೇ ಗಿರಾಕಿಗಳಿಗೆಲ್ಲ ವಾಟ್ಸ್ಯಾಪ್ ಮಾಡುತ್ತಿದ್ದೇನೆ.

ಹೊಸ ಡೊಮೇನು ಕೊಟ್ಟೂರೇಶ್ವರ ಹೆಸರಲ್ಲೇ. ಮೊದಲು ಇಂಗ್ಲಿಷಿನಲ್ಲಿ ಒಂದೇ ‘ಟಿ’ ಹಾಕಿ ತಗೊಂಡೆ. ಮೂರನೇ ದಿನವೇ ವಿದ್ಯಾನಗರದ ಮೇಡಂ ಒಬ್ಬರು ಸೈಟ್ ಓಪನ್ ಆಗ್ತಿಲ್ಲ ಅಂತ ಫೋನ್ ಮಾಡಿದರು. ಅವರು ಎರಡು ‘ಟಿ’ ಹಾಕಿದ್ದರು. ಅದನ್ನೂ ತಗೊಂಡೆ. ಮತ್ತೆ 899.

ಕೋಟೆ ಹುಡುಗ, ಚಿತ್ರದುರ್ಗ · ರಾತ್ರಿ 8:41

ಎರಡಕ್ಕೂ ಟವೆಲ್ ಹಾಕಿದ್ರಿ ಅನ್ನಿ 😀

ರೊಟ್ಟಿ ಅಕ್ಕ, ವಿಜಯಪುರ · ರಾತ್ರಿ 8:50

ಐಪಿ ಇಂಡಿಯಾದಲ್ಲಿ ಹುಡುಕಿದಿರಾ ತಮ್ಮಾ? ಕೊಟ್ಟೂರೇಶ್ವರ ಹೆಸರಿನವರು ನಮ್ಮ ಕಡೆ ಓಣಿಗೊಬ್ಬರಿದ್ದಾರೆ.

ಫಿಲ್ಟರ್ ರಿಪೇರಿ, ದಾವಣಗೆರೆ · ರಾತ್ರಿ 9:02

ಹುಡುಕಿದೆ ಅಕ್ಕ, ಫೊನೆಟಿಕ್‌ನಲ್ಲೇ. ರಿಪೇರಿ ಕೆಲಸಕ್ಕೆ 37ನೇ ಕ್ಲಾಸ್ ಅಂತೆ. ನನ್ನ ಹೆಸರಿನ ಹಾಗಿರೋದು ಅದರಲ್ಲಿ ಸಿಗಲಿಲ್ಲ. ದೇವರ ಹೆಸರು ಒಬ್ಬರ ಸ್ವತ್ತಲ್ಲ ಅಂತ ಸರ್ ಹೇಳಿದ್ದು ನೆನಪಿದೆ, ಅದಕ್ಕೆ ಪೂರ್ತಿ ಅಂಗಡಿ ಹೆಸರು, ನಮ್ಮದೇ ಚಿತ್ರ ಸೇರಿಸಿ ಅರ್ಜಿ ಹಾಕೋಣ ಅಂತಿದ್ದಾರೆ ವಕೀಲರು.

ಫೋನ್ ಎತ್ತಿದರೆ ಮಾತ್ರ ಬಾಯಿಗೆ ಇನ್ನೂ ಹಳೇ ಹೆಸರೇ ಬರುತ್ತೆ. ನಮ್ಮ ಮನೆಯವರು ಟೇಬಲ್ ಮೇಲೆ ಚೀಟಿ ಅಂಟಿಸಿದ್ದಾರೆ, ‘ಕೊಟ್ಟೂರೇಶ್ವರ ಅನ್ನಿ’ ಅಂತ.